ಹಿಂದಿನ ಗಾಲಿಯ ನಟ್ಟು

ಗ್ರೀಸಿನ ವಾಸನೆ ಬಂದರೆ ಈಗಲೂ ಹಗರಿಬೊಮ್ಮನಹಳ್ಳಿಯ ನಮ್ಮ ಅಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರು ಬಿಚ್ಚಿಟ್ಟಿದ್ದ ಬೈಕಿನ ಹಿಂದಿನ ಗಾಲಿಯನ್ನು ಅವ್ವ ತಾನೇ ಕೂಡಿಸುತ್ತಿದ್ದಳು. ಬೈಕ್ ಒಯ್ಯಲು ಹಡಗಲಿಯಿಂದ ಸೋದರಮಾವ ಬರುವವನಿದ್ದ.

ಅಳತೆಗೆ ತಕ್ಕಂತೆ ನಟ್ಟು ಬಿಗಿಯುವ ಟಾರ್ಕ್ ಪಾನಾ ಹಿಡಿದು, "ನಿಮ್ಮಪ್ಪ ಎಷ್ಟಕ್ಕ ಇಡ್ತಿದ್ರು?" ಎಂದಳು.

"ಅರವತ್ತಕ್ಕ. ಟಕ್ ಅಂದ್ರ ಸಾಕವ್ವ, ಆಮ್ಯಾಲ ಬಿಗಿಬಾರ್ದು" ಎಂದೆ.

ಟಕ್ ಎಂದಿತು. ಅವಳು ಕೈ ತೆಗೆಯಲಿಲ್ಲ. ಮತ್ತೆ ಟಕ್ ಎಂದಿತು, ಮತ್ತೊಮ್ಮೆ. ನಾನೇ ಪಾನಾ ತೆಗೆದುಕೊಂಡು ಬದಿಗಿಟ್ಟೆ.

ಮಾವ ಬಂದು, "ಒಮ್ಮೆ ಅತ್ತುಬಿಡಕ್ಕ, ಎದಿ ಹಗುರಾಗತೈತಿ" ಎಂದ.

"ಗಾಲಿ ಬಿಗಿ ಐತಿ, ನಿಧಾನ ಹೋಗು" ಎಂದಷ್ಟೇ ಅವ್ವ ಹೇಳಿದಳು.

ಬೈಕಿನ ಸದ್ದು ಕರಗಿದ ಮೇಲೆ ಅಂಗಳದ ಎಣ್ಣೆ ಕಲೆಗೆ ಬೂದಿ ಸುರಿದು ಉಜ್ಜತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಉಜ್ಜಿದೆ.