ಹಕ್ಕಿಯ ಕಾಲಿನ ಚೀಟಿ

ಪ್ರೊಫೆಸರ್ ನೇಮಿರಾಜ್ ಎಂದರೆ ಸಾಮಾನ್ಯರಲ್ಲ. ಉಲಿಯಕ್ಕಿಯೆಂಬ ಹೆಬ್ಬೆರಳುದ್ದದ ಹಾಡುಹಕ್ಕಿ ಏಳು ಬೆಟ್ಟದಾಚೆ ಸೀನಿದರೂ ಕೂತಲ್ಲಿಂದಲೇ ಅದರ ಕುಲಗೋತ್ರ ಹೇಳುವವರು. ಹಳದಿಯದೊಂದು, ಬೂದು ಬಣ್ಣದ್ದೊಂದು ಎಂದು ಎರಡು ಹೊಸ ಪ್ರಭೇದಗಳಿಗೆ ಹೆಸರಿಟ್ಟು ಅವರು ಹೊದ್ದ ಶಾಲುಗಳನ್ನು ಹಾಸಿದರೆ ಕರ್ನಾಟಕವೇ ಮುಚ್ಚೀತು. "ಅವೆರಡೂ ಒಂದೇ ಹಕ್ಕಿಯ ಗಂಡು ಹೆಣ್ಣು" ಎಂದ ವಿದ್ಯಾರ್ಥಿನಿ ಶಕೀಲಾಳ ಪಿಎಚ್‌ಡಿಯನ್ನು ಗೂಡಿನಿಂದಲೇ ಕೆಳಗೆ ತಳ್ಳಿದ್ದರು.

ಇಪ್ಪತ್ತು ವರ್ಷದ ಮೇಲೆ ಅದೇ ಶಕೀಲಾ ಡಿಎನ್‌ಎ ವರದಿ ಹಿಡಿದು ಎದುರು ಕೂತಿದ್ದಳು.

"ಗಂಡ ಹೆಂಡ್ತೀನೇ ಸರ್."

ಆನೆಯಂತಿದ್ದ ನೇಮಿರಾಜ್ ಸಾಸಿವೆಯಷ್ಟಾದರು. ನೆಲ ಬಾಯಿಬಿಟ್ಟಿದ್ದರೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಇಳಿದುಬಿಡುತ್ತಿದ್ದರು.

"ನಾಚಿಕೆ ಆಗ್ತಿದೆಯಮ್ಮಾ. ಆಗ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ನಿನ್ನ ಫೇಲ್ ಮಾಡ್ತಿದ್ನಾ?"

"ನಾನೂ ಹಾಗೇ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ ಸರ್. ಪರೀಕ್ಷೆಗೆ ಪುಕ್ಕ ತೆಗೆಯೋವಾಗ ಇದು ಸಿಕ್ತು."

ಮ್ಯೂಸಿಯಮ್ಮಿನ ಬೂದು ಹಕ್ಕಿಯ ಕಾಲಿಗೆ ಕಟ್ಟಿದ್ದ ಚೀಟಿಯನ್ನು ಅವಳು ಮುಂದಿಟ್ಟಳು. ಮುಂಬದಿಯಲ್ಲಿ ಹೊಸ ಪ್ರಭೇದದ ಹೆಸರಿತ್ತು. ಹಿಂಬದಿಯಲ್ಲಿ, ರಬ್ಬರಿನಿಂದ ಉಜ್ಜಿದರೂ ಅಳಿಯದೆ ಉಳಿದಿದ್ದ ಅವರದೇ ಕೈಬರಹ: "ಕೊಯ್ದು ನೋಡಿದೆ. ಹಳದಿ ಹಕ್ಕಿಯ ಹೆಣ್ಣೇ."