ಹಿಂದಿನವರು ಬಿಟ್ಟುಹೋದ ಕೊಳೆ

ಬಾಗಿಲು ತೆರೆದದ್ದೇ ತಡ, ಗೇಸಾ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದಳು.

"ಥೂ! ಒಳಗೆ ಏನೋ ಸತ್ತಿದೆ ಕಣ್ರೇ!"

ಸತ್ತದ್ದು ಮೀನು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ನಾಲ್ಕು ತಲೆಗಳು ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಜರ್ಮನಿಯಿಂದ ಆರು ತಾಸು ಕಾರು ಓಡಿಸಿ, ಮೊದಲ ಸಲ ಡೆನ್ಮಾರ್ಕಿಗೆ ಕಾಲಿಟ್ಟ ಮೂವರು ಗೆಳತಿಯರಿಗೆ ಆ ದೇಶ ಕೊಟ್ಟ ಸ್ವಾಗತ ಇದು.

"ಇಟಲಿಗೆ ಹೋಗೋಣ ಅಂತ ಬಡ್ಕೊಂಡೆ," ಎಂದಳು ಹೈಕೆ. "ಡೆನ್ಮಾರ್ಕಿನವರು ನಮಗಿಂತ ಚೊಕ್ಕಟ ಅಂದ್ಯಲ್ಲೇ ಮಹಾತಾಯಿ, ನೋಡು ಈಗ."

ಮಹಾತಾಯಿ ಎಂದರೆ ವೀಬ್ಕೆ. ಹಟ ಹಿಡಿದು ಮೂರು ವಾರಕ್ಕೆ ಮನೆ ಗೊತ್ತುಮಾಡಿದವಳು ಅವಳೇ. ಜುಲೈ ತಿಂಗಳು, ಈ ಕರಾವಳಿಯಲ್ಲಿ ಬೇರೆ ಮನೆ ಹುಡುಕಿದರೂ ಸಿಗದು. ಇದು ತಪ್ಪಿದರೆ ರಜೆಯೂ ಹೋಯಿತು, ವರ್ಷವಿಡೀ ಇವರಿಬ್ಬರ ಕೊಂಕೂ ಕೇಳಬೇಕು.

ಅವಳು ಬಾಡಿಗೆಯ ಕಾಗದ ತೆಗೆದು ಮನೆಯ ಹೆಸರನ್ನು ಇನ್ನೊಮ್ಮೆ ನೋಡಿದಳು. 'ಸ್ಟ್ರಾಂಡ್ಲಿ.' ಗೋಡೆಯ ಫಲಕದಲ್ಲೂ ಅದೇ ಹೆಸರು. ಗೋಡೆಯ ಬಣ್ಣ ಸಿಪ್ಪೆ ಎದ್ದಿತ್ತು. ಫಲಕ, ಅದರ ತಿರುಪು ಮೊಳೆಗಳು ಮಾತ್ರ ಫಳಫಳ ಎನ್ನುತ್ತಿದ್ದವು.

"ಒರೆಸಿದ್ದು ಅದೊಂದನ್ನೇ ಅಂತ ಕಾಣುತ್ತೆ," ಎಂದಳು ಹೈಕೆ.

ಮರಳ ದಿಬ್ಬದ ಆಚೆ ಬಿಳಿ ಮನೆಯೊಂದರ ಕಿಟಕಿಗಳು ಹೊಳೆಯುತ್ತಿದ್ದವು. ಗೇಸಾ ಅತ್ತ ಆಸೆಯಿಂದ ನೋಡಿದಳು. "ನಮಗೆ ಅದು ಸಿಗಬಾರದಿತ್ತಾ?"

ಅಷ್ಟರಲ್ಲಿ ಹಿಂಬಾಗಿಲಿನಿಂದ ಒಬ್ಬ ಬಂದ. ರಬ್ಬರ್ ಬೂಟು, ವಾರದ ಗಡ್ಡ. ಹೆಸರು ಕ್ರೆಸ್ಟೆನ್ ಎಂದ.

"ಏನ್ರೀ ಇದು? ಮನೆಯೋ ಹಂದಿಗೂಡೋ?" ವೀಬ್ಕೆ ಹರಿಹಾಯ್ದಳು.

"ಇಲ್ಲಿದ್ದವರು ಹೀಗೇ ಬಿಟ್ಟು ಹೋದ್ರು," ಎಂದ ಅವನು ನೆಲ ನೋಡುತ್ತ. "ನಾನು ದೋಣಿ ಇಳಿದಿದ್ದೇ ಇವತ್ತು ಬೆಳಿಗ್ಗೆ."

ಶನಿವಾರ ಬಂದರೆ ಈ ಊರಿನ ಬಾಡಿಗೆ ಮನೆಗಳಿಂದ ಒಂದು ಗುಂಪು ಹೊರಡುತ್ತದೆ, ಇನ್ನೊಂದು ಬರುತ್ತದೆ. ಹೊರಡುವವರೇ ಮನೆ ತೊಳೆದಿಟ್ಟು ಹೋಗಬೇಕು. ಅದು ಗೊತ್ತಿದ್ದೇ ಮೂವರೂ ಬಕೆಟ್ಟು, ಬ್ರಷ್ಷು, ಕೈಗವಸು ಹೊತ್ತು ತಂದಿದ್ದರು. ಕ್ರೆಸ್ಟೆನ್ನನ ಕಣ್ಣು ಆ ಬಕೆಟ್ಟಿನ ಮೇಲೆ ನೆಟ್ಟಿತು.

"ನಾಲ್ಕು ಗಂಟೆಗೆ ಆಯಮ್ಮ ನೋಡೋಕೆ ಬರ್ತಾರೆ. ಮನೆ ಒಪ್ಪಿದ್ರೆ ಮೂರು ವಾರ. ಇಲ್ದಿದ್ರೆ ಇವತ್ತೇ ವಾಪಸ್."

ಬಾಡಿಗೆ ಕಚೇರಿಯ ತಪಾಸಣೆ! ವೀಬ್ಕೆ ಗಡಿಯಾರ ನೋಡಿದಳು. ಎರಡಾಗಿತ್ತು. ಅಂಗಿಯ ತೋಳು ಮಡಚಿದಳು.

ಮುಂದಿನ ಎರಡು ತಾಸು ನರಕ. ಸ್ನಾನದ ಮನೆಯ ಬಚ್ಚಲಿನಿಂದ ಹೈಕೆ ಕೂದಲಿನ ಉಂಡೆ ಎಳೆದಳು. ಎಳೆದಷ್ಟೂ ಬಂತು, ಕೊನೆಗೆ ವಾಂತಿಯೂ ಬಂತು. ಫ್ರಿಜ್ಜಿನಲ್ಲಿ ಹಸಿರು ತುಪ್ಪಳ ಬೆಳೆದದ್ದೊಂದು ಇತ್ತು. ಹಿಂದೆ ಅದು ಚೀಸ್ ಆಗಿದ್ದಿರಬೇಕು. ಒಲೆಯ ಜಿಡ್ಡನ್ನು ಚಾಕುವಿನಲ್ಲಿ ಕೆರೆದರು. ಕ್ರೆಸ್ಟೆನ್ ಕಸದ ಚೀಲಗಳನ್ನು ಹೊತ್ತು ಹಾಕುತ್ತಲೇ ಇದ್ದ. ಒಮ್ಮೆಯೂ ತಲೆಯೆತ್ತಲಿಲ್ಲ.

"ಮೂವರಿಗೆ ಒಂದೂವರೆ ಮಂಚ ಕಣೇ!" ಕೋಣೆಯಿಂದ ಗೇಸಾ ಕೂಗಿದಳು. ಮೂಲೆಯ ಪುಟ್ಟ ಮಂಚದ ಕೆಳಗೆ ಒಂದು ಜೊತೆ ಹಳದಿ ಬೂಟು ಸಿಕ್ಕಿದವು, ಅಂಗೈಯಷ್ಟು. "ಮಕ್ಕಳ ಬೂಟನ್ನೂ ಮರೆತು ಹೋಗ್ತಾರಾ? ಎಂಥ ಜನಾನೋ!" ಬೈಯುತ್ತಲೇ ತೊಳೆದು ಹೊಸ್ತಿಲ ಬಳಿ ಇಟ್ಟಳು.

ಬಾಗಿಲ ಚೌಕಟ್ಟಿನಲ್ಲಿ ಸೊಂಟದೆತ್ತರಕ್ಕೆ ಯಾರೋ ಪೆನ್ಸಿಲಿನಲ್ಲಿ ಗೀಟು ಗೀಚಿದ್ದರು. ವೀಬ್ಕೆ ಬಟ್ಟೆ ಒದ್ದೆ ಮಾಡಿ ಕೈ ಚಾಚಿದಳು.

"ಅದನ್ನ ಮುಟ್ಬೇಡಿ!" ಕ್ರೆಸ್ಟೆನ್ ಓಡಿಬಂದು ಅವಳ ಕೈ ಹಿಡಿದ.

ಮಿಕ್ಕಿದ್ದೆಲ್ಲ ಗಲೀಜು, ಇದೊಂದು ಬೇಕಂತೆ! ವೀಬ್ಕೆಗೆ ಮೈಯುರಿದುಹೋಯಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಕಾರು ನಿಂತಿತು. ಇಳಿದ ಹೆಂಗಸು ಕ್ರೆಸ್ಟೆನ್ನನಿಗೆ ನಮಸ್ಕಾರವನ್ನೂ ಹೇಳಲಿಲ್ಲ. ಬಾಗಿಲ ನೆತ್ತಿಯ ಮೇಲೆ ಬೆರಳಾಡಿಸಿ ಧೂಳು ನೋಡಿದಳು. ಫ್ರಿಜ್ಜು ತೆರೆದಳು. ಪುಟ್ಟ ಮಂಚದ ಹಾಸಿಗೆ ಎತ್ತಿ ಮೂಸಿದಳು.

"ಇವರು?"

"ಜರ್ಮನಿಯವರು. ರಜೆಗೆ ಬಂದಿದಾರೆ."

ಹೆಂಗಸು ನೇರ ವೀಬ್ಕೆಯ ಕಣ್ಣಿಗೆ ಕಣ್ಣಿಟ್ಟಳು. "ನಿಜ ಹೇಳಿ. ನೀವಾದ್ರೆ ಈ ಮನೇಲಿ ಮೂರು ವಾರ ಇರ್ತೀರಾ?"

ಮೀನಿನ ತಲೆಗಳು, ಕೂದಲುಂಡೆ, ಹಸಿರು ತುಪ್ಪಳ ಎಲ್ಲ ವೀಬ್ಕೆಯ ಗಂಟಲವರೆಗೆ ಬಂದವು. ಪಕ್ಕದಲ್ಲಿ ಕ್ರೆಸ್ಟೆನ್ ಉಸಿರು ಬಿಗಿಹಿಡಿದಿದ್ದ. ಅವಳು ಎಲ್ಲವನ್ನೂ ನುಂಗಿಕೊಂಡಳು.

"ಇರೋಕೇ ಅಲ್ವಾ ಬಂದಿರೋದು? ಇಷ್ಟು ಚೊಕ್ಕಟ ಮನೆ ನಮ್ಮೂರಲ್ಲೂ ಇಲ್ಲ."

ಹೆಂಗಸಿನ ಮುಖ ಸಡಿಲವಾಯಿತು. "ಸರಿ, ಮೂರು ವಾರ," ಎಂದವಳೇ ಹೋಗಿ ಕಾರಿನ ಹಿಂಬಾಗಿಲು ತೆರೆದಳು.

ಆರೇಳು ವರ್ಷದ ಹುಡುಗಿಯೊಂದು ಹಾರಿ ಇಳಿದು, ಓಡಿ ಬಂದು ಹಳದಿ ಬೂಟಿನೊಳಗೆ ಕಾಲು ತುರುಕಿತು. ಕಾಲು ಹಿಡಿಸಲಿಲ್ಲ. ಬೂಟು ಒದೆದು, ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ, ಗೀಟಿಗಿಂತ ಮೇಲಕ್ಕೆ ತಲೆಯೆತ್ತಿ ನಿಂತಿತು.

"ಅಪ್ಪಾ, ಎಷ್ಟು ಬೆಳೆದಿದೀನಿ ನೋಡು!"

ಕ್ರೆಸ್ಟೆನ್ ಕಣ್ಣೊರೆಸಿಕೊಂಡು ಹೊಸ ಗೀಟು ಎಳೆದ. ಹುಡುಗಿಯ ಅಮ್ಮನ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕಾದ. ಆಮೇಲೆ ಜೇಬಿನಿಂದ ತಿರುಪುಳಿ ತೆಗೆದು, ಗೋಡೆಯ ಫಲಕ ಬಿಚ್ಚಿ, ಬಾಯಿ ತೆರೆದು ನಿಂತಿದ್ದ ವೀಬ್ಕೆಯ ಕೈಗಿಟ್ಟ.

"ಇದು ನನ್ನ ಮನೆ. ಸ್ಟ್ರಾಂಡ್ಲಿ ಅಂದ್ರೆ ಆ ಬಿಳಿ ಮನೆ. ಬೀಗದಕೈ ಚಾಪೆ ಕೆಳಗಿದೆ. ಹಿಂದಿನವರು ಚೆನ್ನಾಗಿ ತೊಳೆದಿಟ್ಟು ಹೋಗಿದಾರೆ."