ಅರ್ಧ ಕ್ಷೌರ

ಬಾಚಣಿಗೆ ಹಾಕಿದ ಕೂಡಲೇ ಬಡಗಿಯ ತಲೆಯಿಂದ ಮಣ್ಣು ಉದುರಿತು, ಅದರ ಹಿಂದೆಯೇ ಒಂದು ಗಾಜಿನ ಚೂರು. ಕ್ಷೌರಿಕ ಅದನ್ನು ಎರಡು ಬೆರಳಲ್ಲಿ ಎತ್ತಿ, ಕಾಲ ಬುಡದ ಡಬ್ಬಿಗೆ ಹಾಕಿದ. ಸುಂಟರಗಾಳಿ ಊರನ್ನು ಗುಡಿಸಿಕೊಂಡು ಹೋಗಿ ವಾರ ಕಳೆದಿತ್ತು. ಅಂದಿನಿಂದ ಬಡಗಿ ತಲೆಗೆ ನೀರು ಹಾಕಿಕೊಂಡಿರಲಿಲ್ಲ, ಉಳಿಯನ್ನಂತೂ ಕೈಯಿಂದ ಮುಟ್ಟಿರಲಿಲ್ಲ.

ಉಳಿ ಮುಟ್ಟದಿದ್ದದ್ದೇ ಊರಿಗೆ ತಲೆನೋವಾಗಿತ್ತು. ಗೋಡೆ ಉಳಿದ ಮನೆಗಳಿಗೂ ಬಾಗಿಲು ಉಳಿದಿರಲಿಲ್ಲ. ಜನ ಟಾರ್ಪಾಲು ಇಳಿಬಿಟ್ಟುಕೊಂಡು ಮಲಗುತ್ತಿದ್ದರು, ಅದು ಪಟಪಟ ಅಂದಾಗಲೆಲ್ಲ ಮತ್ತೆ ಗಾಳಿ ಬಂತೇನೋ ಎಂದು ಎದ್ದು ಕೂರುತ್ತಿದ್ದರು, ಬೆಳಿಗ್ಗೆ ಕೆಂಗಣ್ಣಿನಲ್ಲೇ ಇಟ್ಟಿಗೆ ಹೆಕ್ಕಲು ಹೊರಡುತ್ತಿದ್ದರು. ಊರಿಗೆ ಇದ್ದವನು ಇವನೊಬ್ಬನೇ ಬಡಗಿ. ಕೇಳಿದವರಿಗೆಲ್ಲ 'ನಾಳೆ' ಅನ್ನುತ್ತಿದ್ದ. ಕ್ಷೌರಿಕನ ಮಗಳು ಹಸಿ ಬಾಣಂತಿ, ಬಾಗಿಲಿಲ್ಲದ ಕೋಣೆಯಲ್ಲಿ ಕೂಸನ್ನು ತಬ್ಬಿಕೊಂಡು ಮಲಗಿದ್ದಳು. "ಕಟಿಂಗ್ ನೆಪದಲ್ಲಾದ್ರೂ ಅವನನ್ನ ಕರೆದು ಕೂರಿಸಿ, ಬಾಗಿಲಿನ ಮಾತು ತೆಗೀರಿ" ಎಂದು ಹೆಂಡತಿ ಬೆಳಿಗ್ಗೆಯಿಂದ ಕ್ಷೌರಿಕನ ಪ್ರಾಣ ತಿಂದಿದ್ದಳು.

"ಅಲ್ವೋ, ನಮ್ಮನೆ ಬಾಗಿಲು..." ಕ್ಷೌರಿಕ ಶುರು ಮಾಡಿದ.

"ನಾಳೆ ನೋಡೋಣ."

ಮಾತು ಅಲ್ಲಿಗೇ ಬಿತ್ತು. ಅಂಗಡಿಯಲ್ಲಿ ಉಳಿದಿದ್ದು ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿ, ಹಿಂದಿನ ಒಂದು ಗೋಡೆ, ಗೋಡೆಯ ಮೇಲಿನ ಕನ್ನಡಿ. ಸೂರನ್ನೇ ಹಾರಿಸಿಕೊಂಡು ಹೋದ ಗಾಳಿ ಕನ್ನಡಿಗೆ ಒಂದು ಗೀರೂ ಹಾಕಿರಲಿಲ್ಲ, ಅದಕ್ಕೆ ಏನು ಮುಲಾಜೋ! ಕ್ಷೌರಿಕ ಬಲಗಡೆ ಕತ್ತರಿಸಿ ಮುಗಿಸಿದ. ಆಮೇಲೆ ಕತ್ತರಿ ನಿಂತಿತು. ಕಣ್ಣು ತಾನಾಗಿ ಕನ್ನಡಿಯ ಕಡೆ ಹೋಗಿ, ಅಲ್ಲೇ ಕಾಯುತ್ತ ಉಳಿಯಿತು.

ಇಷ್ಟು ವರ್ಷ ಬಡಗಿಯ ಕೂದಲಿಗೆ ಅಳತೆ ಬರುತ್ತಿದ್ದದ್ದೇ ಆ ಕನ್ನಡಿಯಿಂದ. ರಸ್ತೆಯಾಚೆ, ಅಂಗಡಿಗೆ ನೇರ ಎದುರಿಗೆ ಅವನ ಮನೆ. ಅವನು ಕುರ್ಚಿಯಲ್ಲಿ ಕೂತನೆಂದರೆ ಅವನ ಹೆಂಡತಿ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಎರಡು ಬೆರಳು ಹತ್ತಿರ ತಂದು ತೋರಿಸಿದರೆ ಇನ್ನೂ ಗಿಡ್ಡ ಮಾಡು ಎಂದು, ಅಂಗೈ ಎತ್ತಿದರೆ ಸಾಕು ಎಂದು. ಸುಲಭಕ್ಕೆ ಅಂಗೈ ಎತ್ತುವ ಹೆಂಗಸಲ್ಲ ಅವಳು. ಕೂದಲು ಅವನದು, ಯಜಮಾನಿಕೆ ಅವಳದು ಎಂದು ಬೀದಿಯೆಲ್ಲ ನಗುತ್ತಿತ್ತು. ಬಡಗಿ ಮಾತ್ರ ಏನೂ ಗೊತ್ತಿಲ್ಲದವನ ಹಾಗೆ ಪೇಪರಿನಲ್ಲಿ ಮುಖ ಹುದುಗಿಸಿಕೊಂಡು ಕೂತಿರುತ್ತಿದ್ದ.

ಈಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಇಟ್ಟಿಗೆಯ ರಾಶಿ, ಅದರ ಮೇಲೆ ಬರೀ ಆಕಾಶ. ಆ ರಾಶಿಯ ಅಡಿಯಿಂದಲೇ ಅವಳನ್ನು ಹೊರತೆಗೆದಿದ್ದರು. ಹೆಗಲು ಕೊಟ್ಟವರಲ್ಲಿ ಕ್ಷೌರಿಕನೂ ಒಬ್ಬ. ಆದರೂ ಕಣ್ಣು ಮರೆತಿತ್ತು. ಬಡಗಿ ತಲೆ ಎತ್ತಿದ, ಕ್ಷೌರಿಕ ಎಲ್ಲಿ ನೋಡುತ್ತಿದ್ದಾನೆಂದು ಕಂಡ. ಹೆಗಲ ಮೇಲಿನ ಬಟ್ಟೆ ತೆಗೆದು ಕುರ್ಚಿಯ ಮೇಲಿಟ್ಟು, ಅರ್ಧ ಕ್ಷೌರದಲ್ಲೇ ಎದ್ದು ಹೋದ.

"ಬಾಗಿಲಿನ ಮಾತು ತೆಗೀರಿ ಅಂದ್ರೆ ಗಾಯ ಕೆದಕಿ ಕಳಿಸಿದ್ರಲ್ಲ!" ಮನೆಗೆ ಹೋದಾಗ ಕ್ಷೌರಿಕನ ಹೆಂಡತಿ ಹಣೆ ಚಚ್ಚಿಕೊಂಡಳು.

"ಬೇಕು ಅಂತ ಮಾಡಿದ್ನೇನೇ?" ಎಂದ ಕ್ಷೌರಿಕ. ನಾಚಿಕೆಯಿಂದ ಅವನಿಗೆ ಅವತ್ತು ಊಟ ಸೇರಲಿಲ್ಲ.

ಒಂದು ಕಡೆ ಗಿಡ್ಡ, ಒಂದು ಕಡೆ ಪೊದೆ ಹೊತ್ತುಕೊಂಡು ಬಡಗಿ ಊರೆಲ್ಲ ಓಡಾಡಿದ. ಬೇರೆ ದಿನವಾಗಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಈಗ ಯಾರೂ ನಗಲಿಲ್ಲ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಮರುದಿನ ಮಧ್ಯಾಹ್ನ ಸುತ್ತಿಗೆಯ ಸದ್ದು ಕೇಳಿತು. ಇಟ್ಟಿಗೆ ಹೆಕ್ಕುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನೋಡಿದರು. ಬಡಗಿ ತನ್ನ ಮನೆಯ ಮುರಿದ ತೊಲೆಗಳನ್ನೇ ಕೊಯ್ದು, ಹೆರೆದು, ಕೂರಿಸುತ್ತಿದ್ದ. ಅಂತೂ ಬಾಗಿಲು ಶುರುವಾಯಿತು ಎಂದುಕೊಂಡರೆ, ಮೇಲೆದ್ದದ್ದು ಕಿಟಕಿಯ ಚೌಕಟ್ಟು. ಅದನ್ನು ಹೊತ್ತು ರಾಶಿಯ ಮೇಲೆ ನಿಲ್ಲಿಸಿ, ಬುಡಕ್ಕೆ ಇಟ್ಟಿಗೆ ಒತ್ತುಕೊಟ್ಟ.

"ಗೋಡೆನೇ ಇಲ್ಲ, ಕಿಟಕಿ ಯಾಕಣ್ಣ?" ಎಂದು ಹಾಲಿನವನು ಸೈಕಲ್ ನಿಲ್ಲಿಸಿ ಕೇಳಿದ.

ಬಡಗಿ ಮೈಮೇಲಿನ ಮರದ ಪುಡಿ ಕೊಡವಿಕೊಂಡು ಎಲ್ಲೋ ಹೋದ. ಸ್ವಲ್ಪ ಹೊತ್ತು ಬಿಟ್ಟು ಬಂದು ಕ್ಷೌರಿಕನ ಕುರ್ಚಿಯಲ್ಲಿ ಕೂತ.

"ನಿಮ್ಮನೆ ಬಾಗಿಲಿನ ಅಳತೆ ತಗೊಂಡು ಬಂದೆ," ಎಂದ. "ಬಾಣಂತಿ ಇರೋ ಮನೆ, ಅದೇ ಮೊದಲು. ಈಗ ಇದನ್ನ ಮುಗಿಸು."

ಕ್ಷೌರಿಕ ಬಟ್ಟೆ ಹೊದಿಸಿದ. ಈ ಸಲ ಕಣ್ಣನ್ನು ಹತೋಟಿಯಲ್ಲಿಟ್ಟುಕೊಂಡು, ಕೂದಲನ್ನು ಮಾತ್ರ ನೋಡುತ್ತ ಎಡಗಡೆ ಕತ್ತರಿಸಿದ. ಎರಡೂ ಕಡೆ ಸಮವಾಯಿತು.

"ಇಷ್ಟು ಸಾಕೇನೋ?"

"ನನ್ನನ್ಯಾಕೆ ಕೇಳ್ತೀಯ? ಯಾವತ್ತು ಕೇಳಿದ್ದೀಯ?" ಬಡಗಿ ಕಣ್ಣು ಮುಚ್ಚಿಕೊಂಡ. "ಅಲ್ಲಿ ನೋಡಿ ಹೇಳು."

ಕ್ಷೌರಿಕ ಕನ್ನಡಿ ನೋಡಿದ. ರಾಶಿಯ ಮೇಲೆ ಹೊಸ ಚೌಕಟ್ಟು ಒಂಚೂರು ವಾಲಿಕೊಂಡು ನಿಂತಿತ್ತು. ಅದರೊಳಗೆ ಯಾರೂ ಇರಲಿಲ್ಲ.

"ಏನಂತಾಳೆ?"

ಕ್ಷೌರಿಕ ಮತ್ತೆ ಬಾಚಣಿಗೆ ಎತ್ತಿಕೊಂಡ. "ಸಾಲದು ಅಂತಾಳೆ ಕಣೋ."

"ಅವಳಿಗೆ ಯಾವತ್ತು ಸಾಕು ಅನ್ನಿಸಿದೆ," ಎಂದ ಬಡಗಿ, ಕಣ್ಣು ತೆರೆಯದೆ. "ಕತ್ತರಿಸು."